ನಾಲ್ಕು ತಂತಿಯ ಟೆನರ್ ಗಿಟಾರ್: ನಾದ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮ

ದೂರು ಮತ್ತು ದೋಷ

ಟೆನರ್ ಗಿಟಾರ್ ನುಡಿಸುವವರ ದೂರುಗಳು ಹೆಚ್ಚು ಬಗೆಯವಲ್ಲ. ಸಣ್ಣ ತಂತಿ ಮತ್ತೆ ಮತ್ತೆ ಹರಿಯುತ್ತದೆ, ದಪ್ಪ ತಂತಿ ಝರ್ರೆನ್ನುತ್ತದೆ, ನಾದ ತೆಳ್ಳಗಾಗಿದೆ, ಹಾರ್ಮೋನಿಯಂ ಜೊತೆ ಶ್ರುತಿ ಕೂಡುವುದಿಲ್ಲ ಎಂಬ ಮಾತುಗಳಲ್ಲಿ ಅವು ಬಹುಮಟ್ಟಿಗೆ ಮುಗಿಯುತ್ತವೆ. ಇವನ್ನು ಕೇಳಿದ ಕೂಡಲೇ ಅರ ಹಿಡಿದು ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಉಜ್ಜುವುದಾಗಲಿ ಸ್ಯಾಡಲ್ (ಪೆಟ್ಟಿಗೆಯ ಮೇಲೆ ತಂತಿಗಳು ಕೂರುವ ಪಟ್ಟಿ) ತಗ್ಗಿಸುವುದಾಗಲಿ ಸರಿಯಲ್ಲ. ಈ ವಾದ್ಯದಲ್ಲಿ ದೋಷವೆಂದು ಕಾಣುವುದರ ದೊಡ್ಡ ಪಾಲು ಮರದಲ್ಲಿ ಇರುವುದಿಲ್ಲ. ಶ್ರುತಿ, ತಂತಿಯ ದಪ್ಪ, ತಂತಿಯ ಉದ್ದ ಈ ಮೂರೂ ಒಂದಕ್ಕೊಂದು ಹೊಂದದಿರುವುದರಿಂದ ಅದು ಹುಟ್ಟುತ್ತದೆ. ಆದ್ದರಿಂದ ಪರೀಕ್ಷೆಯೂ ಅದೇ ಕ್ರಮದಲ್ಲಿ ನಡೆಯಬೇಕು. ಮೊದಲು ವಾದ್ಯವನ್ನು ಯಾವ ಶ್ರುತಿಗೆ ಕಟ್ಟಲಾಗಿದೆ ಎಂದು ತಿಳಿಯಬೇಕು, ಬಳಿಕ ಅದರ ಮೇಲಿರುವ ತಂತಿಗಳು ಆ ಶ್ರುತಿಗೆ ತಕ್ಕವೇ ಎಂದು ನೋಡಬೇಕು, ಆಮೇಲೆ ಉದ್ದ ಅಳೆಯಬೇಕು, ಕತ್ತು, ಫ್ರೆಟ್, ಮರ ಇವುಗಳ ಸರದಿ ಕೊನೆಗೆ ಬರಬೇಕು. ಶ್ರುತಿಯನ್ನೂ ತಂತಿಯನ್ನೂ ಬದಲಿಸಿ ನೋಡಿ ಬೇಡವೆನಿಸಿದರೆ ಹಿಂದಿನ ಸ್ಥಿತಿಗೆ ತರಬಹುದು, ಆದರೆ ಉಜ್ಜಿದ ಫ್ರೆಟ್ ಮತ್ತೆ ಬೆಳೆಯುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಅಂಗಡಿಗಳಲ್ಲಿ ಆರು ತಂತಿಯ ಗಿಟಾರ್ ಸುಲಭವಾಗಿ ಸಿಗುತ್ತದೆ, ಟೆನರ್ ಸಿಗುವುದು ಅಪರೂಪ. ಹಾಗಾಗಿ ಈ ಭಾಗದಲ್ಲಿ ಕೈಗೆ ಬರಬಹುದಾದ ನಾಲ್ಕು ತಂತಿಯ ವಾದ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ: ದೊಡ್ಡ ಊರುಗಳಿಂದ ತರಿಸಿಕೊಂಡ ನಿಜವಾದ ಟೆನರ್, ಆನೆಗೊಂದಿ, ಸಣಾಪುರದ ಕಡೆ ಪ್ರವಾಸಿಗರ ಜೊತೆ ಬಂದು ಕೈ ಬದಲಾಯಿಸಿದ ಹಳೆಯ ಟೆನರ್, ಆರು ತಂತಿಯ ಗಿಟಾರಿಗೇ ನಾಲ್ಕು ತಂತಿ ಕಟ್ಟಿ ಮಾಡಿಕೊಂಡ ಮನೆಮಟ್ಟಿನ ಟೆನರ್. ಮೊದಲ ಬಗೆಯಲ್ಲಿ ತೊಂದರೆ ಕಡಿಮೆ. ಮೂರನೆಯದರಲ್ಲಿ ಮುಂದೆ ಹೇಳುವ ತೊಂದರೆಗಳೆಲ್ಲ ಒಟ್ಟಿಗೇ ಎದುರಾಗಬಹುದು.

ಸರಿಯಿರುವ ವಾದ್ಯ ಹೇಗೆ ಕೇಳಿಸಬೇಕು

ಆರೋಗ್ಯವಂತ ವಾದ್ಯದ ದನಿ ಕಿವಿಯಲ್ಲಿ ಇಲ್ಲದವರು ರೋಗವನ್ನು ಗುರುತಿಸಲಾರರು. ಟೆನರ್ ಗಿಟಾರ್ 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿತು. ಆಗ ನೃತ್ಯವೃಂದಗಳಲ್ಲಿ ಬ್ಯಾಂಜೊ ಹಿಂದೆ ಸರಿದು ಗಿಟಾರ್ ಮುಂದೆ ಬರುತ್ತಿತ್ತು. ಟೆನರ್ ಬ್ಯಾಂಜೊ ನುಡಿಸುತ್ತಿದ್ದವರು ಹೊಸ ಬೆರಳುಗಾರಿಕೆ ಕಲಿಯದೆಯೇ ಗಿಟಾರಿನ ನಾದ ಕೊಡಲಿ ಎಂದು ಮಾರ್ಟಿನ್ ಮತ್ತು ಗಿಬ್ಸನ್ ಕಂಪನಿಗಳು 1927ರ ಹೊತ್ತಿಗೆ ನಾಲ್ಕು ತಂತಿಯ ಈ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟವು. ಆದ್ದರಿಂದ ಇದರ ಮೂಲ ಶ್ರುತಿ ಟೆನರ್ ಬ್ಯಾಂಜೊದ್ದೇ. ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಸಿ, ಜಿ, ಡಿ, ಎ, ಅಂದರೆ ಸುಮಾರು 130.8, 196, 293.7 ಮತ್ತು 440 ಹರ್ಟ್ಸ್. ಪ್ರತಿ ತಂತಿಯೂ ತನ್ನ ಪಕ್ಕದ ದಪ್ಪ ತಂತಿಗೆ ಪಂಚಮವಾಗಿರುತ್ತದೆ. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ) ಸ್ಯಾಡಲ್‌ವರೆಗಿನ ಉದ್ದ ಸಾಮಾನ್ಯವಾಗಿ 21ರಿಂದ 23 ಇಂಚು ಇರುತ್ತದೆ. ಆರು ತಂತಿಯ ಪೂರ್ಣ ಗಾತ್ರದ ಗಿಟಾರಿನಲ್ಲಿ ಅದು 25 ಇಂಚಿನ ಆಸುಪಾಸು.

ನಾದ ತೆಳ್ಳಗಾಗಿದೆ ಎಂಬ ದೂರಿಗೆ ಒಂದು ಉತ್ತರ ಇಲ್ಲಿಯೇ ಇದೆ. ಆರು ತಂತಿಯ ಗಿಟಾರಿನ ಅತಿ ದಪ್ಪ ತಂತಿ 82.4 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಟೆನರಿನ ದಪ್ಪ ತಂತಿ ಅದಕ್ಕಿಂತ ಎಂಟು ಅರ್ಧಸ್ವರ ಮೇಲಿದೆ. "ಬೇಸ್ ಬರುತ್ತಿಲ್ಲ" ಎಂಬುದು ಟೆನರಿನ ಮಟ್ಟಿಗೆ ದೋಷವಲ್ಲ, ಸ್ವಭಾವ. ಪೆಟ್ಟಿಗೆಯೊಳಗೆ ಪಿಕಪ್ (ನಾದವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೂರಿಸಿ, ಆಂಪ್ಲಿಫೈಯರಿನ ಬೇಸ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರೂ ಇಲ್ಲದ ಸ್ವರ ಹುಟ್ಟುವುದಿಲ್ಲ. ಗುಂಯ್ ಎನ್ನುವ ಗದ್ದಲ ಮಾತ್ರ ಹೆಚ್ಚುತ್ತದೆ.

ಪಂಚಮದ ಅಂತರದಲ್ಲಿ ತಂತಿಗಳಿರುವುದರಿಂದ ಕಾರ್ಡ್ ಹಿಡಿದಾಗ ಸ್ವರಗಳು ಒಂದರ ಮೇಲೊಂದು ಒತ್ತದೆ ದೂರ ದೂರ ನಿಲ್ಲುತ್ತವೆ. ಆರು ತಂತಿಯಲ್ಲಿ ಒಂದೇ ಸ್ವರ ಎರಡು ಮೂರು ಸ್ಥಾಯಿಗಳಲ್ಲಿ ಮರುಕಳಿಸಿ ಬರುವ ತುಂಬು ನಾದ ಇಲ್ಲಿ ಸಿಗುವುದಿಲ್ಲ, ಬದಲಾಗಿ ನಾಲ್ಕು ಸ್ವರಗಳೂ ಬಿಡಿಬಿಡಿಯಾಗಿ ಕೇಳಿಸುವ ಸ್ಪಷ್ಟತೆ ಸಿಗುತ್ತದೆ. ಒಂಟಿಯಾಗಿ ನುಡಿಸಿದಾಗ ತೆಳುವೆನಿಸುವ ಈ ನಾದ ಮೇಳದಲ್ಲಿ ಬೇಗ ಜಾಗ ಮಾಡಿಕೊಳ್ಳುತ್ತದೆ. ಟೈನಿ ಗ್ರೈಮ್ಸ್ ನಾಲ್ಕು ತಂತಿಯ ವಿದ್ಯುತ್ ಟೆನರ್ ನುಡಿಸಿಯೇ ಜಾಝ್‌ನಲ್ಲಿ ಹೆಸರು ಮಾಡಿದವರು, 1944ರಲ್ಲಿ ಚಾರ್ಲಿ ಪಾರ್ಕರ್ ಜೊತೆ ಧ್ವನಿಮುದ್ರಣ ಮಾಡಿದವರು. ಕಿಂಗ್‌ಸ್ಟನ್ ಟ್ರಿಯೊ ತಂಡದಲ್ಲಿ ನಿಕ್ ರೆನಾಲ್ಡ್ಸ್ ಹಿಡಿದಿದ್ದೂ ಟೆನರ್ ಗಿಟಾರನ್ನೇ. ಉಳಿದವರ ಗಿಟಾರ್ ಮತ್ತು ಬ್ಯಾಂಜೊ ನಡುವೆ ಅದು ಮರೆಯಾಗುತ್ತಿರಲಿಲ್ಲ. ನಮ್ಮ ಕಡೆ ಚರ್ಚಿನ ಗಾಯಕವೃಂದದಲ್ಲಿ ಕೀಬೋರ್ಡಿನ ಎಡಗೈ ಕೆಳಸ್ಥಾಯಿಯನ್ನು ತುಂಬಿರುವಾಗ, ಅಥವಾ ಭಾವಗೀತೆಗೆ ಹಾರ್ಮೋನಿಯಂ ಮತ್ತು ತಬಲಾ ಜೊತೆಗಿರುವಾಗ, ಆರು ತಂತಿಯ ಗಿಟಾರಿಗಿಂತ ಟೆನರ್ ಚೊಕ್ಕವಾಗಿ ಕೂರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನಾದ ತೆಳ್ಳಗಿದೆ ಎಂದವರ ವಾದ್ಯವನ್ನು ಒಂಟಿಯಾಗಿ ಅಲ್ಲ, ಇನ್ನೊಂದು ವಾದ್ಯದ ಜೊತೆ ಕೇಳಿಯೇ ತೀರ್ಮಾನಿಸಬೇಕು. ಅಲ್ಲಿಯೂ ಅದು ಸತ್ತಂತೆ ಕೇಳಿದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ಯಾವ ಶ್ರುತಿ, ಯಾವ ತಂತಿ

ಟೆನರ್ ಗಿಟಾರನ್ನು ಮುಖ್ಯವಾಗಿ ಮೂರು ಶ್ರುತಿಗಳಲ್ಲಿ ಕಟ್ಟುತ್ತಾರೆ. ಮೊದಲನೆಯದು ಮೇಲೆ ಹೇಳಿದ ಸಿ-ಜಿ-ಡಿ-ಎ. ಎರಡನೆಯದು ಡಿ-ಜಿ-ಬಿ-ಇ; ಇದು ಆರು ತಂತಿಯ ಗಿಟಾರಿನ ಮೊದಲ (ಸಣ್ಣ ತಂತಿಯಿಂದ ಎಣಿಸಿದರೆ) ನಾಲ್ಕು ತಂತಿಗಳ ಶ್ರುತಿಯೇ ಆಗಿರುವುದರಿಂದ ಗಿಟಾರ್ ಕಲಿತವರು ಇದನ್ನೇ ಇಷ್ಟಪಡುತ್ತಾರೆ, ಶಿಕಾಗೊ ಶ್ರುತಿ ಎಂದೂ ಕರೆಯುತ್ತಾರೆ. ಮೂರನೆಯದು ಜಿ-ಡಿ-ಎ-ಇ; ಇದು ಮ್ಯಾಂಡೊಲಿನ್ ಶ್ರುತಿಗಿಂತ ಒಂದು ಸ್ಥಾಯಿ ಕೆಳಗೆ ಇರುತ್ತದೆ, ಐರಿಷ್ ಸಂಗೀತದವರಿಗೆ ಪ್ರಿಯವಾದದ್ದು. ನಮ್ಮಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತವರು ಸ-ಪ-ಸ-ಪ ಕ್ರಮಕ್ಕೆ ಒಗ್ಗಿರುವುದರಿಂದ ಸಿ-ಜಿ-ಸಿ-ಜಿ ಎಂದು ಇಳಿಸಿಕೊಂಡು ನುಡಿಸುವುದುಂಟು, ಅದರಲ್ಲಿ ತಪ್ಪೇನೂ ಇಲ್ಲ.

ತೊಂದರೆ ಶುರುವಾಗುವುದು ಒಂದು ಶ್ರುತಿಗೆಂದು ತಯಾರಾದ ತಂತಿಗಳನ್ನು ಇನ್ನೊಂದು ಶ್ರುತಿಗೆ ಕಟ್ಟಿದಾಗ. ತಂತಿಯ ಬಿಗಿತ ಅದರ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಸಿ-ಜಿ-ಡಿ-ಎ ತಂತಿಗಳನ್ನೇ ಜಿ-ಡಿ-ಎ-ಇ ಶ್ರುತಿಗೆ ಇಳಿಸಿದರೆ ಪ್ರತಿ ತಂತಿಯ ಕಂಪನಸಂಖ್ಯೆ ಮುಕ್ಕಾಲಾಗುತ್ತದೆ, ಬಿಗಿತ ಮಾತ್ರ ಶೇಕಡಾ 56ಕ್ಕೆ ಕುಸಿಯುತ್ತದೆ. ಆಗ ತಂತಿಗಳು ಅಗಲವಾಗಿ ತೂಗಾಡಿ ಫ್ರೆಟ್ಟಿಗೆ ಬಡಿಯುತ್ತವೆ, ನಾದ ತೆಳ್ಳಗಾಗುತ್ತದೆ, ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಶ್ರುತಿ ಏರಿ ಅಪಸ್ವರ ಬರುತ್ತದೆ. ಮೂರು ದೂರುಗಳಿಗೂ ಕಾರಣ ಒಂದೇ, ಮತ್ತು ಆ ಕಾರಣಕ್ಕೆ ಗಿಟಾರ್ ಹೊಣೆಯಲ್ಲ.

ಡಿ-ಜಿ-ಬಿ-ಇ ಶ್ರುತಿಗೆ ತಂದಾಗಿನ ಲೆಕ್ಕ ಇನ್ನೂ ವಿಚಿತ್ರ. ಎ ತಂತಿ ಇ ಆಗಿ ಶೇಕಡಾ 56ಕ್ಕೆ ಸಡಿಲಗೊಳ್ಳುತ್ತದೆ, ಡಿ ತಂತಿ ಬಿ ಆಗಿ ಸುಮಾರು ಶೇಕಡಾ 71ಕ್ಕೆ ಇಳಿಯುತ್ತದೆ, ಜಿ ಇದ್ದಲ್ಲೇ ಇರುತ್ತದೆ, ಸಿ ಮಾತ್ರ ಡಿ ಆಗಿ ಮೊದಲಿಗಿಂತ ಶೇಕಡಾ 26ರಷ್ಟು ಹೆಚ್ಚು ಬಿಗಿಯುತ್ತದೆ. ಇಂಥ ವಾದ್ಯವನ್ನು ಮೀಟಿದರೆ ದಪ್ಪ ತಂತಿಗಳು ಗಟ್ಟಿಯಾಗಿಯೂ ಸಣ್ಣವು ಬಳಬಳ ಎಂದೂ ನುಡಿಯುತ್ತವೆ. ಕೇಳಿದವರು ಪಿಕಪ್ ಹಾಳಾಗಿದೆಯೆಂದೋ ಸ್ಯಾಡಲ್ ಒಂದು ಕಡೆ ಕುಸಿದಿದೆಯೆಂದೋ ಭಾವಿಸಬಹುದು. ಸಿ-ಜಿ-ಸಿ-ಜಿ ಕಟ್ಟಿದಾಗ ಸಣ್ಣ ಎರಡು ತಂತಿಗಳು ಶೇಕಡಾ 79ಕ್ಕೆ ಇಳಿಯುತ್ತವೆ. ಮೃದುವಾಗಿ ಮೀಟುವವರಿಗೆ ಇದು ನಡೆಯುತ್ತದೆ, ಗಟ್ಟಿಯಾಗಿ ಮೀಟುವವರು ಒಂದು ಅಳತೆ ದಪ್ಪದ ತಂತಿ ಹಾಕಿಕೊಳ್ಳಬೇಕು.

ಹಾಗಾದರೆ ಯಾವ ತಂತಿ ಬೇಕು? 23 ಇಂಚಿನ ವಾದ್ಯಕ್ಕೆ ಸಿ-ಜಿ-ಡಿ-ಎ ಶ್ರುತಿಯಲ್ಲಿ ಸಣ್ಣದರಿಂದ ದಪ್ಪಕ್ಕೆ 0.010, 0.014, 0.023, 0.032 ಇಂಚಿನ ತಂತಿಗಳು ಹೊಂದುತ್ತವೆ. ಆಗ ನಾಲ್ಕೂ ಸೇರಿ ಎಳೆಯುವ ಭಾರ ಸುಮಾರು 38 ಕಿಲೊ. ಟೆನರ್ ಸೆಟ್ ಎಂದೇ ಕೇಳಿದರೆ ನಮ್ಮ ಅಂಗಡಿಗಳಲ್ಲಿ ಇಲ್ಲವೆನ್ನುವ ಸಂಭವವೇ ಹೆಚ್ಚು. ಆದರೆ ಅಕೂಸ್ಟಿಕ್ ಗಿಟಾರಿನ ಹತ್ತರ ಸೆಟ್ಟು (ಅತಿ ಸಣ್ಣ ತಂತಿ 0.010 ಇಂಚು ಇರುವುದು) ಎಂದು ಕೇಳಿದರೆ ಸಿಗುವ ಪೊಟ್ಟಣದ ಮೊದಲ ನಾಲ್ಕು ತಂತಿಗಳು ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ ಸಾಮಾನ್ಯವಾಗಿ 10, 14, 23, 30 ಆಗಿರುತ್ತವೆ, ಅವನ್ನೇ ಕಟ್ಟಬಹುದು. ಸಿ ತಂತಿ ತುಸು ಸಡಿಲವೆನಿಸಿದರೆ ಹನ್ನೊಂದರ ಸೆಟ್ಟಿನ ನಾಲ್ಕನೆಯ ತಂತಿಯನ್ನು ಅದರ ಜಾಗಕ್ಕೆ ತರಬೇಕು. ಡಿ-ಜಿ-ಬಿ-ಇ ಬಯಸುವವರು ಹನ್ನೆರಡರ ಸೆಟ್ಟಿನ ಮೊದಲ ನಾಲ್ಕನ್ನು ಹಾಕಿದರೆ ನಾಲ್ಕೂ ತಂತಿಗಳ ಬಿಗಿತ ಬಹುಮಟ್ಟಿಗೆ ಸಮನಾಗುತ್ತದೆ. ಜಿ-ಡಿ-ಎ-ಇ ಶ್ರುತಿಗೆ ಒಂದೇ ಪೊಟ್ಟಣ ಸಾಲದು: ಹನ್ನೆರಡರ ಸೆಟ್ಟಿನಿಂದ 12, 32, 42 ತೆಗೆದುಕೊಂಡು, ಎರಡನೆಯ ತಂತಿಗೆ 18ರ ಸಾದಾ ತಂತಿಯನ್ನು ಬಿಡಿಯಾಗಿ ಕೊಳ್ಳಬೇಕು; ಎಲೆಕ್ಟ್ರಿಕ್ ಗಿಟಾರಿನ ಹನ್ನೊಂದರ ಸೆಟ್ಟಿನ ಮೂರನೆಯ ತಂತಿ ಸಾಮಾನ್ಯವಾಗಿ ಇದೇ ಅಳತೆಯದು. ಹಳೆಯ ಟೆನರ್‌ಗಳಲ್ಲಿ ಕೆಲವಕ್ಕೆ ತುದಿಯಲ್ಲಿ ಗುಂಡಿಗೆ ಬದಲಾಗಿ ಕುಣಿಕೆಯಿರುವ ತಂತಿ ಬೇಕಾಗುತ್ತದೆ ಎಂಬುದನ್ನು ಕೊಳ್ಳುವ ಮುಂಚೆಯೇ ನೋಡಿಕೊಳ್ಳುವುದು ಒಳಿತು.

ಸಣ್ಣ ತಂತಿ ಹರಿಯುತ್ತಿದ್ದರೆ

ಮೊದಲು ತಂತಿ ಎಲ್ಲಿ ಹರಿದಿದೆ ಎಂದು ನೋಡಬೇಕು, ತುಂಡನ್ನು ಎಸೆಯಬಾರದು. ಪ್ರತಿ ಸಲವೂ ಬಿರಡೆಯ ಕಂಬದ ಬಳಿ ಹರಿದರೆ ಕಂಬದ ತೂತಿನ ಅಂಚು ಹರಿತವಾಗಿದೆ. ನಟ್ ಬಳಿ ಹರಿದರೆ ಕಚ್ಚು ಇಕ್ಕಟ್ಟಾಗಿದೆ ಅಥವಾ ಅದರ ಅಂಚು ಚೂಪಾಗಿದೆ. ಸ್ಯಾಡಲ್ ಮೇಲೆ ಹರಿದರೆ ಅಲ್ಲಿ ತಂತಿ ಕೊರೆದ ಗೆರೆ ಬಿದ್ದಿದೆ. ಇವಕ್ಕೆಲ್ಲ ನುಣುಪಾದ ಮರಳುಕಾಗದದ ಎರಡು ಮೂರು ಎಳೆತ ಸಾಕು. ಹರಿಯುವ ಜಾಗ ಸಲಸಲಕ್ಕೂ ಬದಲಾಗುತ್ತಿದ್ದರೆ, ಅಥವಾ ಶ್ರುತಿ ಮಾಡುವಾಗ ಎ ಮುಟ್ಟುವ ಹೊತ್ತಿಗೇ ತುಂಡಾಗುತ್ತಿದ್ದರೆ, ದೋಷ ಉದ್ದದಲ್ಲಿದೆ.

ಇಲ್ಲಿ ಬಹಳ ಜನ ನಂಬಿರುವ ಒಂದು ಮಾತನ್ನು ತಿದ್ದಬೇಕು. ತಂತಿ ಹರಿದರೆ ಇನ್ನೂ ದಪ್ಪನೆಯದನ್ನು ಹಾಕಿ ಎಂದು ಕೆಲವರು, ತೆಳ್ಳನೆಯದನ್ನು ಹಾಕಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಸಾದಾ ಉಕ್ಕಿನ ತಂತಿಯ ಮಟ್ಟಿಗೆ ಎರಡೂ ಉಪಯೋಗಕ್ಕೆ ಬರುವುದಿಲ್ಲ. ದಪ್ಪ ಹೆಚ್ಚಿದಂತೆ ತಂತಿಯ ತಾಳಿಕೆ ಹೆಚ್ಚುತ್ತದೆ, ಆದರೆ ಅದೇ ಸ್ವರ ಮುಟ್ಟಲು ಬೇಕಾದ ಬಿಗಿತವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ತೆಳುವಾದಾಗ ಎರಡೂ ಒಟ್ಟಿಗೆ ಇಳಿಯುತ್ತವೆ. ಆದ್ದರಿಂದ ಒಂದು ಉದ್ದದ ತಂತಿ ಯಾವ ಸ್ವರದಲ್ಲಿ ಹರಿಯುತ್ತದೆ ಎಂಬುದನ್ನು ಹೆಚ್ಚುಕಡಿಮೆ ಉದ್ದವೇ ನಿರ್ಧರಿಸುತ್ತದೆ. 23 ಇಂಚಿನ ವಾದ್ಯದಲ್ಲಿ 0.010ರ ತಂತಿಯನ್ನು 440 ಹರ್ಟ್ಸ್‌ಗೆ ಏರಿಸಿದರೆ ಸುಮಾರು 10.7 ಕಿಲೊ ಬಿಗಿತ ಬೀಳುತ್ತದೆ. ಅದೇ ತಂತಿಯನ್ನು 25.5 ಇಂಚಿನ ಪೂರ್ಣ ಗಾತ್ರದ ಗಿಟಾರಿನ ಮೇಲೆ ಅದೇ ಸ್ವರಕ್ಕೆ ಎಳೆದರೆ 13 ಕಿಲೊ ದಾಟುತ್ತದೆ, ಅದು ಹರಿಯುವ ಮಿತಿಗೆ ಬಹಳ ಹತ್ತಿರ. ದೊಡ್ಡ ಗಿಟಾರಿಗೆ ನಾಲ್ಕು ತಂತಿ ಕಟ್ಟಿ ಸಿ-ಜಿ-ಡಿ-ಎ ಮಾಡಲು ಹೊರಟವರಿಗೆ ಸಣ್ಣ ತಂತಿ ಉಳಿಯದಿರುವುದು ಇದೇ ಕಾರಣಕ್ಕೆ.

ಪರಿಹಾರ ಸರಳವಾಗಿದೆ. ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಬೇಕು. ಬಂದ ಉದ್ದ 23 ಇಂಚು ದಾಟಿ 25ರ ಹತ್ತಿರ ಇದ್ದರೆ ನಾಲ್ಕೂ ತಂತಿಗಳನ್ನು ಒಂದು ಪೂರ್ಣಸ್ವರ ಇಳಿಸಿ, ಬಿ ಫ್ಲ್ಯಾಟ್, ಎಫ್, ಸಿ, ಜಿ ಎಂದು ಕಟ್ಟಿ, ಎರಡನೆಯ ಫ್ರೆಟ್ ಮೇಲೆ ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಹಿಡಿಕೆ, ಹಾಕಬೇಕು. ಆಗ 25.5 ಇಂಚಿನ ಗಿಟಾರಿನಲ್ಲಿ ನುಡಿಯುವ ಉದ್ದ ತಾನಾಗಿ 22.7 ಇಂಚಿಗೆ ಇಳಿದು ಟೆನರಿನ ಅಳತೆಗೆ ಬರುತ್ತದೆ, ಸ್ವರಗಳೂ ಸಿ-ಜಿ-ಡಿ-ಎ ಆಗಿಯೇ ಕೇಳಿಸುತ್ತವೆ. ಹೊಸದಾಗಿ ಕೊಳ್ಳುವವರು ಪೂರ್ಣ ಗಾತ್ರದ ಗಿಟಾರಿನ ಬದಲು ಮಕ್ಕಳಿಗೆಂದು ಮಾರುವ ಮುಕ್ಕಾಲು ಗಾತ್ರದ್ದನ್ನು ಅಳೆದು ನೋಡಿ ತೆಗೆದುಕೊಂಡರೆ ಕ್ಯಾಪೊದ ಅಗತ್ಯವೂ ಬೀಳದು. ಆದರೆ ಅದು ನೈಲಾನ್ ತಂತಿಗೆ ಮಾಡಿದ ಗಿಟಾರ್ ಆಗಿರಬಾರದು. ಉಕ್ಕಿನ ತಂತಿಯ ಎಳೆತಕ್ಕೆ ಅದರ ಬ್ರಿಡ್ಜ್ (ಸ್ಯಾಡಲ್ ಕೂರುವ ಮರದ ತುಂಡು) ಕಿತ್ತುಬರುತ್ತದೆ.

ಹಾಡುವವರ ಶ್ರುತಿಗೆ ಹೊಂದಿಸುವಾಗಲೂ ಇದೇ ಎಚ್ಚರ ಬೇಕು. ಗಾಯಕರು ಬಿಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಸಿ ಸ್ವರವನ್ನು ಷಡ್ಜ ಮಾಡಿಕೊಂಡು, ಹಾಡಿದರೆ ಟೆನರಿನ ಬಿಟ್ಟ ತಂತಿಗಳಲ್ಲೇ ಷಡ್ಜವೂ ಪಂಚಮವೂ ಸಿಗುತ್ತವೆ. ಕಪ್ಪು ಒಂದು ಬೇಕೆಂದಾಗ ತಂತಿಗಳನ್ನೇ ಅರ್ಧಸ್ವರ ಏರಿಸಿದರೆ ಪ್ರತಿಯೊಂದರ ಬಿಗಿತ ಶೇಕಡಾ 12ರಷ್ಟು ಹೆಚ್ಚಿ, ಕಾರ್ಯಕ್ರಮದ ನಡುವೆ ಎ ತಂತಿ ಕೈಕೊಡುತ್ತದೆ. ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕುವುದೇ ಸರಿಯಾದ ದಾರಿ.

ಝರ್ರೆನ್ನುವ ಸದ್ದು

ಶ್ರುತಿಗೆ ತಕ್ಕ ತಂತಿ ಹಾಕಿದ ಮೇಲೂ ಸದ್ದು ಉಳಿದರೆ ಮಾತ್ರ ಕತ್ತು ಮತ್ತು ಫ್ರೆಟ್ ಕಡೆ ನೋಡಬೇಕು. ಬಿಟ್ಟ ತಂತಿ ಮಾತ್ರ ಝರ್ರೆಂದು, ಮೊದಲ ಫ್ರೆಟ್ ಒತ್ತಿದ ಕೂಡಲೇ ಸದ್ದು ನಿಂತರೆ ನಟ್‌ನ ಕಚ್ಚು ಆಳವಾಗಿದೆ ಅಥವಾ ಅಗಲವಾಗಿದೆ. ಒಂದೇ ಜಾಗದಲ್ಲಿ ಒತ್ತಿದಾಗ ಮಾತ್ರ ಸದ್ದು ಬಂದರೆ ಅದರ ಮುಂದಿನ, ಅಂದರೆ ಪೆಟ್ಟಿಗೆಯ ಕಡೆಗಿನ ಫ್ರೆಟ್ ಎತ್ತರವಾಗಿದೆ. ಮೊದಲ ಕೆಲವು ಫ್ರೆಟ್ಟುಗಳಲ್ಲೆಲ್ಲ ಸದ್ದಿದ್ದು ಮುಂದೆ ಹೋದಂತೆ ಸ್ವಚ್ಛವಾದರೆ ಕತ್ತು ಹಿಂದಕ್ಕೆ ಬಾಗಿದೆ.

ಈ ಕೊನೆಯದು ಆರು ತಂತಿಯಿಂದ ಮಾರ್ಪಡಿಸಿದ ವಾದ್ಯಗಳಲ್ಲಿ ಸಹಜವಾಗಿ ಬರುತ್ತದೆ. ಆರು ತಂತಿಗಳು 70 ಕಿಲೊ ಆಸುಪಾಸಿನ ಭಾರದಿಂದ ಕತ್ತನ್ನು ಮುಂದಕ್ಕೆ ಎಳೆಯುತ್ತವೆ ಎಂಬ ಲೆಕ್ಕದಲ್ಲಿ ಕತ್ತಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಬಿಗಿದಿರುತ್ತದೆ. ನಾಲ್ಕೇ ತಂತಿ ಉಳಿದಾಗ ಎಳೆತ ಅರ್ಧದಷ್ಟಾಗಿ ರಾಡಿನ ಕೈ ಮೇಲಾಗುತ್ತದೆ, ಕತ್ತು ಹಿಂದಕ್ಕೆ ಸರಿಯುತ್ತದೆ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಕತ್ತು ಪೆಟ್ಟಿಗೆಯನ್ನು ಸೇರುವ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ನಡುವಿನ ಆರು ಏಳನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗೆ ಎಷ್ಟು ಜಾಗವಿದೆ ಎಂದು ನೋಡಬೇಕು. ತೆಳ್ಳನೆಯ ವಿಸಿಟಿಂಗ್ ಕಾರ್ಡ್ ಸವರಿಕೊಂಡು ಹೋಗುವಷ್ಟು ಅಂತರ ಇದ್ದರೆ ಸರಿ. ಜಾಗವೇ ಇಲ್ಲದಿದ್ದರೆ ರಾಡನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಬೇಕು. ಸಾಲದಿದ್ದರೆ ಮತ್ತೆ ಅಷ್ಟೇ. ಹಳೆಯ ಟೆನರ್‌ಗಳಲ್ಲಿ ತಿರುಗಿಸುವ ರಾಡ್ ಇಲ್ಲದಿರುವುದೂ ಉಂಟು, ಅಂಥವನ್ನು ಅನುಭವಿ ದುರಸ್ತಿಗಾರರಿಗೆ ಬಿಡುವುದೇ ಮೇಲು. ಹನ್ನೆರಡನೆಯ ಫ್ರೆಟ್ ಮೇಲೆ ತಂತಿಯ ಎತ್ತರ ಸಣ್ಣ ತಂತಿಗೆ 1.5ರಿಂದ 2 ಮಿಲಿಮೀಟರ್, ದಪ್ಪ ತಂತಿಗೆ 2ರಿಂದ 2.5 ಮಿಲಿಮೀಟರ್ ಇದ್ದರೆ ಸ್ಯಾಡಲ್ಲನ್ನು ಮುಟ್ಟುವ ಕಾರಣವಿಲ್ಲ.

ಮಾರ್ಪಡಿಸಿದ ವಾದ್ಯದಲ್ಲಿ ತಂತಿಗಳನ್ನು ಯಾವ ಕಚ್ಚುಗಳಲ್ಲಿ ಕೂರಿಸಿದ್ದಾರೆ ಎಂಬುದೂ ಮುಖ್ಯ. ನೋಡಲು ಚೆನ್ನಾಗಿರಲೆಂದು ನಡುವಿನ ನಾಲ್ಕು ಕಚ್ಚುಗಳನ್ನು ಆರಿಸಿಕೊಂಡರೆ, 14ರ ತಂತಿಗೆಂದು ಕೊರೆದ ಕಚ್ಚಿನಲ್ಲಿ 10ರ ತಂತಿ, 39ರ ಕಚ್ಚಿನಲ್ಲಿ 30ರ ತಂತಿ ಬಂದು ಕೂತು ಅಲುಗಾಡುತ್ತವೆ. ಪರೀಕ್ಷೆಯ ಮಟ್ಟಿಗೆ ಸಣ್ಣ ತಂತಿಯ ಕಡೆಯ ಮೊದಲ ನಾಲ್ಕು ಕಚ್ಚುಗಳನ್ನು ಬಳಸಿ ನೋಡಬೇಕು. ಸದ್ದು ನಿಂತರೆ ಹೊಸ ನಟ್ ಮಾಡಿಸಬೇಕು ಎಂದು ಅರ್ಥ. ಇಷ್ಟಾದರೂ ಒಂದು ನಿರ್ದಿಷ್ಟ ಸ್ವರಕ್ಕೆ ಮಾತ್ರ ಎಲ್ಲಿಂದಲೋ ಕರಕರ ಎನ್ನುತ್ತಿದ್ದರೆ ಖಾಲಿ ಉಳಿದ ಎರಡು ಬಿರಡೆಗಳನ್ನೂ ತಂತಿಯಿಲ್ಲದ ಬ್ರಿಡ್ಜ್ ಪಿನ್ನುಗಳನ್ನೂ ಬೆರಳಿನಿಂದ ಹಿಡಿದು ಮತ್ತೆ ಮೀಟಬೇಕು. ಎಳೆತವಿಲ್ಲದ ಬಿರಡೆ ತಾನೇ ನಡುಗಿ ಸದ್ದು ಮಾಡುತ್ತದೆ. ಅದನ್ನು ಬಿಚ್ಚಿ ತೆಗೆದಿಟ್ಟರೆ ಆಯಿತು.

ಹಾರ್ಮೋನಿಯಂ ಜೊತೆ ಕೂಡದಿದ್ದರೆ

ಮೊಬೈಲಿನ ಟ್ಯೂನರ್ 440 ಹರ್ಟ್ಸ್ ಲೆಕ್ಕದಲ್ಲಿ ಸರಿ ಎಂದರೂ ಹಾರ್ಮೋನಿಯಂ ಎದುರು ಟೆನರ್ ಅಪಶ್ರುತಿಯಾಗಿ ಕೇಳಬಹುದು. ಹಾರ್ಮೋನಿಯಂ ರೀಡುಗಳು ಎಲ್ಲ ಪೆಟ್ಟಿಗೆಗಳಲ್ಲಿಯೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ವರ್ಷ ಕಳೆದಂತೆ ಸರಿಯುತ್ತವೆ. ಟ್ಯೂನರನ್ನು ಪಕ್ಕಕ್ಕಿಟ್ಟು ಹಾರ್ಮೋನಿಯಂನ ಸ್ವರಕ್ಕೇ ತಂತಿ ಕೂಡಿಸಿ ನೋಡುವುದು ಮೊದಲ ಪರೀಕ್ಷೆ. ಬಿಟ್ಟ ತಂತಿ ಕೂಡಿ, ಕತ್ತಿನ ಮೇಲೆ ಹೋದಂತೆ ತಪ್ಪಿದರೆ ಮಾತ್ರ ದೋಷ ಗಿಟಾರಿನದು. ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಹಾರ್ಮೋನಿಕ್ ನುಡಿಸಿ, ಬಳಿಕ ಅದೇ ಫ್ರೆಟ್ಟನ್ನು ಒತ್ತಿ ನುಡಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಯಬೇಕು. ಮೊದಲೆರಡು ಫ್ರೆಟ್ಟುಗಳಲ್ಲಿ ಮಾತ್ರ ಏರಿದ್ದರೆ ನಟ್ ಎತ್ತರವಾಗಿದೆ.

ಹೊಟ್ಟೆ ಉಬ್ಬಿದ ಆರ್ಚ್‌ಟಾಪ್ ಟೆನರ್‌ಗಳಲ್ಲಿ ಬ್ರಿಡ್ಜ್ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತದೆ. ನಾಲ್ಕು ತಂತಿಗಳನ್ನೂ ಒಂದೇ ಸಲ ಬಿಚ್ಚಿದರೆ ಅದು ಜಾಗ ಬಿಡುತ್ತದೆ. ಹೊಸ ತಂತಿ ಹಾಕಿದ ದಿನದಿಂದಲೇ ಅಪಸ್ವರ ಎನ್ನುವವರ ವಾದ್ಯದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ತಂತಿಗಳನ್ನು ಒಂದೊಂದಾಗಿ ಬದಲಿಸಿದರೆ ಈ ತೊಂದರೆ ಬರದು. ತುಕ್ಕು ಹಿಡಿದ ಅಥವಾ ಸುತ್ತುಗಳ ನಡುವೆ ಕೊಳೆ ತುಂಬಿದ ತಂತಿಯ ಮೇಲೆ ಈ ಯಾವ ಪರೀಕ್ಷೆಯೂ ನಂಬಲರ್ಹವಲ್ಲ. ಸಂಡೂರು, ತೋರಣಗಲ್ಲು ರಸ್ತೆಯ ಕೆಂಪು ದೂಳು ಕಾಣುವ ಮನೆಗಳಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕುವುದಕ್ಕಿಂತ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು.

ಬೇಸಿಗೆಯ ದೋಷಗಳು

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ತಾಪ 40 ಡಿಗ್ರಿ ದಾಟುವುದು ಹೊಸದಲ್ಲ, ಅದರ ಜೊತೆ ಗಾಳಿಯೂ ಒಣಗಿರುತ್ತದೆ. ಗಿಟಾರಿನ ಮರಕ್ಕೆ ಶೇಕಡಾ 45ರಿಂದ 55ರಷ್ಟು ತೇವಾಂಶ ಹಿತ. ಅದಕ್ಕಿಂತ ಬಹಳ ಕಡಿಮೆಯಾದಾಗ ಮೇಲ್ಹಲಗೆ ಕುಗ್ಗಿ ತಗ್ಗುತ್ತದೆ, ತಂತಿ ಫ್ರೆಟ್ಟಿಗೆ ಹತ್ತಿರವಾಗುತ್ತದೆ. ಕತ್ತಿನ ಪಟ್ಟಿ ಕಿರಿದಾಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ಚುಚ್ಚುವಿಕೆಯೂ ಝರ್ರೆನ್ನುವುದೂ ಒಟ್ಟಿಗೆ ಶುರುವಾಗಿದ್ದರೆ ಕಾರಣ ಒಣಗಾಳಿ ಎಂದು ತಿಳಿಯಬೇಕು. ಅಂಥ ವಾದ್ಯದ ಸ್ಯಾಡಲ್ಲನ್ನು ಮೇ ತಿಂಗಳಲ್ಲಿ ಎತ್ತರಿಸಿದರೆ ಆಗಸ್ಟಿನಲ್ಲಿ ತಂತಿ ಬೆರಳಿಗೆ ಎಟುಕದಷ್ಟು ಮೇಲೇಳುತ್ತದೆ. ಪೆಟ್ಟಿಗೆಯೊಳಗೆ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜ್ ಇಟ್ಟು ಒಂದೆರಡು ವಾರ ಕಾಯುವುದೇ ಚಿಕಿತ್ಸೆ. ನೀರಿನ ಕೂಲರ್ ಎದುರು ಗಿಟಾರ್ ಇಡುವುದು ಇನ್ನೊಂದು ಅತಿರೇಕ: ಕೂಲರ್ ನಡೆಯುವಾಗ ಕೋಣೆ ತೇವ, ಕರೆಂಟ್ ಹೋದಾಗ ಒಣಗು, ಈ ಏರಿಳಿತ ಮರಕ್ಕೆ ಬರೀ ಒಣಗಾಳಿಗಿಂತ ಕೆಟ್ಟದ್ದು.

ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ವಾದ್ಯದಲ್ಲಿ ಅಂಟು ಮೆತ್ತಗಾಗಿ ಬ್ರಿಡ್ಜ್ ಹಿಂಬದಿಯಿಂದ ಏಳುತ್ತದೆ. ಬ್ರಿಡ್ಜ್‌ನ ಹಿಂಭಾಗದ ಅಂಚಿನ ಕೆಳಗೆ ತೆಳು ಕಾಗದ ನುಗ್ಗಿದರೆ ಕೂಡಲೇ ತಂತಿ ಸಡಿಲಿಸಿ ದುರಸ್ತಿಗೆ ಕೊಡಬೇಕು. ಕೊಪ್ಪಳದ ಪಕ್ಕದ ಕಿನ್ನಾಳದ ಕುಶಲಕರ್ಮಿಗಳು ಮರದ ಹೊಟ್ಟು, ಹುಣಸೆ ಅಂಟು ಕಲಸಿದ ಕಿಟ್ಟದಿಂದ ಗೊಂಬೆಗಳ ಬಿರುಕನ್ನು ಕಾಣದಂತೆ ಮುಚ್ಚುವುದನ್ನು ಕಂಡವರಿಗೆ ಗಿಟಾರಿಗೂ ಅದೇ ಸಾಕೆನಿಸಬಹುದು. ಆದರೆ ಗೊಂಬೆಯ ಬಿರುಕಿನ ಮೇಲೆ ಮೂವತ್ತೆಂಟು ಕಿಲೊ ಎಳೆತ ಇರುವುದಿಲ್ಲ.

ವಿದ್ಯುತ್ ಟೆನರ್

ವಿದ್ಯುತ್ ಟೆನರಿನಲ್ಲಿ ಸಣ್ಣ ಎರಡು ತಂತಿಗಳು ಜೋರಾಗಿಯೂ ಸುತ್ತಿರುವ ಎರಡು ತಂತಿಗಳು ಮಂದವಾಗಿಯೂ ಕೇಳಿದರೆ ಕಂಚಿನ ಸುತ್ತಿನ ಅಕೂಸ್ಟಿಕ್ ತಂತಿ ಹಾಕಿರುವುದೇ ಕಾರಣ. ಅಯಸ್ಕಾಂತದ ಪಿಕಪ್ ಕಂಚನ್ನು ಗುರುತಿಸುವುದಿಲ್ಲ, ಒಳಗಿನ ಉಕ್ಕಿನ ಎಳೆಯನ್ನಷ್ಟೇ ಗುರುತಿಸುತ್ತದೆ. ಅದೇ ಅಳತೆಯ ನಿಕಲ್ ಸುತ್ತಿನ ತಂತಿ ಹಾಕಬೇಕು. ಆರು ಕಂಬದ ಪಿಕಪ್ ಮೇಲೆ ನಾಲ್ಕು ತಂತಿಗಳು ಕಂಬಗಳ ನಡುವೆ ಬಿದ್ದರೂ ಸದ್ದು ಏರುಪೇರಾಗುತ್ತದೆ. ಅಯಸ್ಕಾಂತದ ಬದಲು ಕಂಪನವನ್ನೇ ಹಿಡಿಯುವ ಪೀಜೊ ಪಿಕಪ್ ಇದ್ದು ನಾದ ಒಡೆದಂತೆ ಕೇಳಿದರೆ ಮೊದಲು 9 ವೋಲ್ಟಿನ ಬ್ಯಾಟರಿ ಬದಲಿಸಬೇಕು.

ಗುಂಯ್ ಎನ್ನುವ ಸದ್ದು ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಅಪಾಯವಿಲ್ಲ. ಕೇಬಲ್ಲನ್ನು ವಿದ್ಯುತ್ ತಂತಿಯಿಂದ ದೂರ ಸರಿಸಿದರೆ ಸಾಕಾಗಬಹುದು. ಮುಟ್ಟಿದಾಗ ಸದ್ದು ಹೆಚ್ಚಿದರೆ, ಅಥವಾ ಮೈಕಿಗೆ ತುಟಿ ತಾಗಿದಾಗ ಜುಮ್ಮೆಂದರೆ, ಅರ್ಥಿಂಗ್ ತಪ್ಪಿದೆ. ಜನರೇಟರ್ ಮೇಲೆ ನಡೆಯುವ ಜಾತ್ರೆ, ಮದುವೆಯ ವೇದಿಕೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 230 ವೋಲ್ಟಿನ ವಿಷಯ ಇದು. ವಾದ್ಯವನ್ನು ಕೆಳಗಿಟ್ಟು, ಎಲೆಕ್ಟ್ರೀಷಿಯನ್ ಬಂದು ಅರ್ಥಿಂಗ್ ಸರಿಪಡಿಸುವವರೆಗೆ ನುಡಿಸಬಾರದು.

ದುರಸ್ತಿಗೆ ಕಳುಹಿಸುವಾಗ

ಹುಬ್ಬಳ್ಳಿಗೋ ಬೆಂಗಳೂರಿಗೋ ಹೈದರಾಬಾದಿಗೋ ಕಳುಹಿಸಬೇಕಾದರೆ ವಾದ್ಯದ ಜೊತೆ ಒಂದು ಚೀಟಿ ಇರಲಿ. ನುಡಿಸುವ ಶ್ರುತಿ, ನಾಲ್ಕೂ ತಂತಿಗಳ ಅಳತೆ, ನಟ್‌ನಿಂದ ಹನ್ನೆರಡನೆಯ ಫ್ರೆಟ್‌ವರೆಗಿನ ಉದ್ದ, ಅಲ್ಲಿನ ತಂತಿಯ ಎತ್ತರ, ಸದ್ದು ಬರುವ ತಂತಿ ಮತ್ತು ಫ್ರೆಟ್, ದೂರು ಶುರುವಾದ ತಿಂಗಳು ಇವಿಷ್ಟನ್ನು ಅದರಲ್ಲಿ ಬರೆದಿಡಬೇಕು. ನಾಲ್ಕು ತಂತಿ ಕಂಡವರು ಅದನ್ನು ಡಿ-ಜಿ-ಬಿ-ಇ ಎಂದು ಊಹಿಸಿ ಕಚ್ಚುಗಳನ್ನು ಆ ಅಳತೆಗೆ ಅಗಲಿಸಿಬಿಟ್ಟರೆ, 10ರ ತಂತಿ ಅಲ್ಲಿ ಮತ್ತೆ ನಿಲ್ಲುವುದಿಲ್ಲ, ಹೊಸ ನಟ್ಟೇ ಬೇಕಾಗುತ್ತದೆ.